ತರಿ ಇಲ್ಲದ ರವಿವಾರ

೧೯೮೯ರಲ್ಲಿ, ಒಂಬತ್ತನೆಯ ಇಯತ್ತೆಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ನಾನೂ ಶಾಲೆಯೂ ಒಬ್ಬರನ್ನೊಬ್ಬರು ಬಿಟ್ಟೆವು. ಎರಡೂ ಕಡೆ ಯಾರೂ ಅತ್ತ ನೆನಪಿಲ್ಲ. ಬೇಗ ಶಾಲೆ ಬಿಟ್ಟವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಬಾರದ್ದನ್ನು ಬರುವುದಿಲ್ಲ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಓದಿದವರು ಕಾಲ ಮೇಲೆ ಕಾಲು ಹಾಕಿಕೊಂಡು ‘ನನಗೆ ಅದೆಲ್ಲ ಗೊತ್ತಿಲ್ಲಪ್ಪ’ ಎಂದು ನಗುತ್ತ ಹೇಳಿಬಿಡುತ್ತಾರೆ. ಅವರಿಗೆ ಅದು ವಿನಯ ಎನಿಸಿಕೊಳ್ಳುತ್ತದೆ. ನಮ್ಮಂಥವರು ಹೇಳಿದರೆ ಎದುರಿನವನು ‘ಹೌದು ಬಿಡು, ನಿನಗೆಲ್ಲಿ ಗೊತ್ತಿರಬೇಕು’ ಎಂಬಂತೆ ಮುಖ ಮಾಡುತ್ತಾನೆ. ಆ ಮುಖ ನೋಡುವುದಕ್ಕಿಂತ ಗೊತ್ತಿದೆ ಎಂದು ತಲೆಯಾಡಿಸಿ ಆಮೇಲೆ ಒದ್ದಾಡುವುದೇ ವಾಸಿ ಎಂದು ನಾನು ಮೀಸೆ ಮೂಡುವ ಮೊದಲೇ ತೀರ್ಮಾನಿಸಿದ್ದೆ. ಈ ತೀರ್ಮಾನದಿಂದ ಆದ ಆಯಾಸವನ್ನು ತಕ್ಕಡಿಯ ಒಂದು ಕಡೆಗೂ, ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಎದುರು ನಿಂತ ಆಯಾಸವನ್ನು ಇನ್ನೊಂದು ಕಡೆಗೂ ಇಟ್ಟರೆ, ಮೊದಲನೆಯದೇ ಕೆಳಗೆ ಇಳಿಯುತ್ತದೆ.

ನಾನು ಫೌಂಡ್ರಿಯಲ್ಲಿ ಮೇಸ್ತ್ರಿ. ಮರಳಿನಲ್ಲಿ ಅಚ್ಚು ಕಟ್ಟಿಸಿ, ಅದರೊಳಗೆ ಕರಗಿದ ಕಬ್ಬಿಣ ಹೊಯ್ಯಿಸಿ, ಪಂಪಿನ ಮೈ, ಮೋಟರಿನ ಮೈ ಇಂಥವನ್ನು ತೆಗೆಸುವುದು ನನ್ನ ಕೆಲಸ. ಕೆಲಸದಲ್ಲಿ ನನಗೆ ಹೆಸರಿದೆ, ಅದನ್ನು ಸುಳ್ಳು ಸಂಕೋಚ ಮಾಡದೆ ಹೇಳುತ್ತೇನೆ. ಸೋಮವಾರದಿಂದ ಶನಿವಾರದವರೆಗೆ ಮರಳು, ಹೊಗೆ, ಶೆಕೆ. ಮೊಣಕಾಲುಗಳು ಈಗೀಗ ನನ್ನನ್ನು ಕೇಳದೆಯೇ ತೀರ್ಮಾನ ತೆಗೆದುಕೊಳ್ಳುತ್ತವೆ. ರವಿವಾರ ಒಂದು ದಿನ ಮಲಗಬೇಕು. ಆದರೆ ನಮ್ಮ ಬೆಳಗಾವಿಯಲ್ಲಿ ರವಿವಾರವೆಂದರೆ ಮಟನ್, ಮತ್ತು ಅನೇಕ ಮನೆಗಳಲ್ಲಿ ಅವತ್ತು ಒಲೆಯ ಮುಂದೆ ನಿಲ್ಲುವವನು ಗಂಡಸು. ವಾರವೆಲ್ಲ ಒಂದು ಲೋಟ ನೀರು ತಾನಾಗಿ ತೆಗೆದುಕೊಳ್ಳದವನೂ ಅವತ್ತು ಸೊಂಟಕ್ಕೆ ಟಾವೆಲ್ ಸುತ್ತಿ, ಅಡುಗೆಮನೆಯನ್ನು ರಣರಂಗ ಮಾಡಿ, ಮುಸುರೆಯನ್ನು ಹೆಂಡತಿಗೆ ಬಿಟ್ಟು, ಬೆವರೊರೆಸಿಕೊಳ್ಳುತ್ತ ಹೊರಗೆ ಬರುತ್ತಾನೆ. ನಾನೂ ಅಂಥವನೇ. ಇಲ್ಲಿ ಮಟನ್ ರಸ್ಸಾದ ಯೋಗ್ಯತೆಯನ್ನು ಅದರ ಮೇಲೆ ತೇಲುವ ಕೆಂಪು ಎಣ್ಣೆಯಿಂದ ಅಳೆಯುತ್ತಾರೆ. ಅದಕ್ಕೆ ತರಿ ಎನ್ನುತ್ತೇವೆ. ನನ್ನ ರಸ್ಸಾದ ಮೇಲೆ ತರಿ ಎಷ್ಟಿರುತ್ತಿತ್ತೆಂದರೆ, ಕೆಳಗೆ ತುಂಡು ಇದೆಯೋ ಇಲ್ಲವೋ ಎಂಬುದನ್ನು ಸೌಟು ಇಳಿಸಿಯೇ ತಿಳಿಯಬೇಕಿತ್ತು.

ಈ ತರಿಯ ಮುಖ್ಯ ನ್ಯಾಯಾಧೀಶ ನಮ್ಮ ಅಣ್ಣ. ನನಗಿಂತ ಬಹಳ ದೊಡ್ಡವನು. ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದ, ಈಗ ನಿವೃತ್ತ. ಇಬ್ಬರೂ ಬೆಂಕಿಯ ಅನ್ನ ತಿಂದವರು. ಅವನು ಮಣ್ಣು ಸುಟ್ಟ, ನಾನು ಕಬ್ಬಿಣ ಕರಗಿಸಿದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ದೊಡ್ಡವನನ್ನಾಗಿ ಮಾಡಿದವನು ಅವನೇ. ನಾನು ಶಾಲೆ ಬಿಟ್ಟ ದಿನ ಮೊದಲು ಎರಡು ಬಾರಿಸಿ, ಆಮೇಲೆ ಎದುರಿಗೆ ಕೂಡಿಸಿಕೊಂಡು ಊಟ ಮಾಡಿಸಿ, ಮರುದಿನ ಫೌಂಡ್ರಿಗೆ ಕರೆದುಕೊಂಡು ಬಂದವನೂ ಅವನೇ. ಅವನು ರವಿವಾರ ನಮ್ಮ ಹಿಂದವಾಡಿಯ ಮನೆಗೆ ಬಂದರೆ ಜೋಳದ ಭಕ್ರಿಯ ತುದಿಯನ್ನು ತರಿಯಲ್ಲಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಕೂಡುತ್ತಿದ್ದ. ಮನೆಯೆಲ್ಲ ಉಸಿರು ಹಿಡಿಯುತ್ತಿತ್ತು. ಕಣ್ಣು ತೆರೆದು ಅವನು ಹೇಳುತ್ತಿದ್ದುದು ಯಾವಾಗಲೂ ಒಂದು ತಪ್ಪನ್ನೇ. “ಕೊಬ್ರಿ ಜರಾ ಹೆಚ್ಚ ಹುರದೀ.” “ಬಳ್ಳೊಳ್ಳಿ ಹಳೇದ ಐತಿ.” ಒಮ್ಮೆ ಯಾವ ತಪ್ಪೂ ಸಿಗದೆ, “ತಾಟ ಸಣ್ಣದಾತು” ಎಂದಿದ್ದ. ತಪ್ಪು ಹೇಳಿದ ಮೇಲೆ ಮೂರು ಸಲ ಬಡಿಸಿಕೊಳ್ಳುತ್ತಿದ್ದ.

ಹೋದ ಮಳೆಗಾಲದಲ್ಲಿ ಅವನಿಗೆ ಎದೆನೋವು ಬಂತು. ದವಾಖಾನೆ, ಎದೆಯೊಳಗೆ ಏನೋ ಸಣ್ಣ ನಳಿಗೆ ಕೂಡಿಸುವುದು, ಎಲ್ಲ ಆಯಿತು. ಡಾಕ್ಟರರು ಎಣ್ಣೆ ಕಡಿಮೆ, ಉಪ್ಪು ಕಡಿಮೆ ಎಂದರು. ಕೊಬ್ಬು ತೆಗೆದ ಮಾಂಸ ಅಪರೂಪಕ್ಕೆ ಒಂದಿಷ್ಟು ನಡೆಯುತ್ತದೆ ಎಂದೂ ಅಂದಿದ್ದರಂತೆ. ಆದರೆ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ದವಾಖಾನೆಯ ಕಾರಿಡಾರಿನಲ್ಲಿ ಒಬ್ಬಳೇ ಕೂತು ಅತ್ತಿದ್ದವಳು. ಡಾಕ್ಟರು ಕಡಿಮೆ ಎಂದದ್ದೆಲ್ಲ ಅವಳ ಕಿವಿಗೆ ಬಂದ್ ಎಂದೇ ಬಿತ್ತು. ಸೋರೆಕಾಯಿ ಕುದಿಸಿದಳು, ಪಡವಲಕಾಯಿ ಕುದಿಸಿದಳು, ಒಮ್ಮೆ ಚಿಕನ್ನನ್ನೂ ಬರೀ ನೀರಿನಲ್ಲಿ ಕುದಿಸಿದಳು. ಹಾಗೆ ಕುದಿಸಿದ ಆ ಕೋಳಿ ಸತ್ತಿದ್ದಕ್ಕೂ ಅರ್ಥವಿಲ್ಲದಂತಾಯಿತು ಎಂದು ಅಣ್ಣ ಹೇಳಿದ್ದು ಅವನ ಕೊನೆಯ ಟೀಕೆ. ಆಮೇಲೆ ಮಾತೇ ನಿಂತಿತು. ಯಾರ ಮನೆಗೂ ಊಟಕ್ಕೆ ಹೋಗಲಿಲ್ಲ. ಒಂದು ದಿನ ವೈನಿ ಫೋನ್ ಮಾಡಿದಳು.

“ಭಾವೋಜಿ, ನಿಮ್ಮಣ್ಣ ಊಟಾನ ಬಿಟ್ಟಾರ್ರಿ.”

“ಏನಂತಾನ?”

“ಏನೂ ಅನ್ನಂಗಿಲ್ಲ. ಅದ ನನಗ ಕಾಳಜಿ ಆಗೇತಿ. ಮೊದಲ ತಾಟ ಸರಿಸಿ ಬೈತಿದ್ರು. ಈಗ ಎರಡ ತುತ್ತ ತಿಂತಾರ, ಛಲೋ ಆಗೇತಿ ಅಂತಾರ, ಎದ್ದ ಹೋಗ್ತಾರ. ಅಂಗಿ ಎಲ್ಲಾ ಜೋತ ಬೀಳಾಕತ್ತಾವ. ಹಿಂಗ ತೂಕ ಇಳದ್ರ ಮತ್ತ ಅಡ್ಮಿಟ್ ಮಾಡಬೇಕಾಗತೈತಿ ಅಂತ ಡಾಕ್ಟರ್ ಅಂದಾರ.”

ಅಣ್ಣ ಊಟವನ್ನು ಚೆನ್ನಾಗಿದೆ ಎಂದಿದ್ದಾನೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ. ತೂಕದ ಮಾತಿಗಿಂತ ಅದೇ ನನ್ನನ್ನು ಹೆದರಿಸಿತು. “ಬರೋ ರವಿವಾರ ಕರಕೊಂಡ ಬರ್ರಿ ವೈನಿ. ಎಣ್ಣಿ ಇಲ್ಲದ ಮಟನ್ ನಾ ಮಾಡ್ತೇನಿ. ತಿಂದ ಹೋಗ್ತಾನ,” ಎಂದೆ. ಹೇಳಿಯಾದ ಮೇಲೆ ಎದುರಿಗೆ ನಿಂತಿದ್ದ ಹೆಂಡತಿ ಸುನಂದಾಳ ಮುಖ ನೋಡಿದೆ. ಅವಳು ಎಣ್ಣೆಯ ಡಬ್ಬಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನ್ನಲ್ಲಿ ಎಣ್ಣೆ ಬಿಟ್ಟು ಬೇರೆ ವಿದ್ಯೆ ಇಲ್ಲ ಎಂಬುದು ಅವಳಿಗೆ ಲಗ್ನವಾದ ಹೊಸದರಲ್ಲೇ ಗೊತ್ತಾಗಿತ್ತು.

ದಾರಿ ತೋರಿಸಿದವಳು ಮಗಳು ದೀಪಾ. ಅವಳು ಕಾಲೇಜಿನಲ್ಲಿ ಓದುತ್ತಾಳೆ, ಕೇಕ್ ಮಾಡಲೆಂದು ಹಟ ಹಿಡಿದು ಒಂದು ಸಣ್ಣ ಓವನ್ ಕೊಡಿಸಿಕೊಂಡಿದ್ದಾಳೆ. “ಅಪ್ಪಾ, ಎಣ್ಣಿ ಬೇಕಾಗಂಗಿಲ್ಲ. ಕೊಬ್ಬ ತಗದ ಮಟನ್ ತೊಡಿ ಇಡೀದನ್ನ ಓವನ್‌ದಾಗ ರೋಸ್ಟ್ ಮಾಡ್ರಿ. ಅದರ ಮ್ಯಾಲ ಮನ್ಯಾಗ ಮಾಡಿದ ಗ್ರೇವಿ. ಹಗುರ ಇರತೈತಿ. ಗ್ರೇವಿ ಹೆಂಗ ಮಾಡ್ತಾರ ಗೊತ್ತೈತಿಲ್ಲ?”

“ಗೊತ್ತೈತಿ,” ಎಂದೆ.

ಅವಳು ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಅದರಲ್ಲಿ ಒಬ್ಬ ಬಿಳಿಯ ಗಡ್ಡದ ಪರದೇಶದವನು ಇಂಗ್ಲಿಷಿನಲ್ಲಿ ಮಾತಾಡುತ್ತ ಅಡುಗೆ ಮಾಡುತ್ತಿದ್ದ. ಮನೆಯಲ್ಲಿ ಕೂತು ನೋಡಿದರೆ ಮಗಳು ಬಂದು ಅರ್ಥ ಹೇಳುತ್ತಾಳೆ, ಅದು ಬೇಡ ಎಂದು ನಾನು ಫೌಂಡ್ರಿಯ ಚಹಾದ ಸುಟ್ಟಿಯಲ್ಲಿ ನೋಡಿದೆ. ಅಲ್ಲಿ ನಮ್ಮ ಬ್ಲೋವರಿನ ಸದ್ದಿನಲ್ಲಿ ಅವನ ಇಂಗ್ಲಿಷೂ ಕೇಳಿಸಲಿಲ್ಲ, ಪಕ್ಕದವನ ಕನ್ನಡವೂ ಕೇಳಿಸಲಿಲ್ಲ. ಕೇಳುವ ಅಗತ್ಯವೂ ನನಗೆ ಕಾಣಲಿಲ್ಲ. ಅವನು ಮಾಡುತ್ತಿದ್ದುದೆಲ್ಲ ನಮ್ಮ ಕೆಲಸವೇ. ಬೆಂಕಿ ಮೊದಲು ಕಾಯಿಸುವುದು, ಒಳಗಿಟ್ಟ ಮೇಲೆ ಬಾಗಿಲು ಸುಮ್ಮಸುಮ್ಮನೆ ತೆರೆಯದಿರುವುದು, ತೆಗೆದ ಕೂಡಲೇ ಕೈ ಹಚ್ಚದೆ ತಣಿಯಲು ಬಿಡುವುದು. ಮಾಂಸ ಹೊರಗೆ ಬಂತು, ಕೆಂಪಗೆ, ಚಂದಾಗಿ. ಅವನು ಟ್ರೇಯನ್ನು ಎತ್ತಿ ಅದರಲ್ಲಿದ್ದುದನ್ನು ಎಲ್ಲೋ ಬಗ್ಗಿಸುತ್ತಿದ್ದ. ಅಷ್ಟರಲ್ಲಿ ಸುಟ್ಟಿ ಮುಗಿದ ಭೋಂಗಾ ಕೂಗಿತು. ನಾನು ಮೊಬೈಲ್ ಜೇಬಿಗೆ ಹಾಕಿಕೊಂಡು ಎದ್ದೆ. ಅಚ್ಚಿನಿಂದ ಕಾಸ್ಟಿಂಗ್ ಹೊರಗೆ ಬಂದ ಮೇಲೆ ಉಳಿದದ್ದು ಕಸ ಬಳಿಯುವ ಕೆಲಸ, ಅದನ್ನು ಯಾರು ನೋಡುತ್ತ ಕೂಡುತ್ತಾರೆ. ಇನ್ನು ಗ್ರೇವಿ ಎಂದರೆ ಕಡೆಗೆ ರಸಾ ತಾನೇ. ಹತ್ತಾರು ವರ್ಷ ರಸ್ಸಾ ಮಾಡಿದವನಿಗೆ ರಸಾ ಹೇಳಿಕೊಡಬೇಕೇ.

ರವಿವಾರ ಬೆಳಿಗ್ಗೆ ಮಲಗಬೇಕಾದ ಹೊತ್ತಿನಲ್ಲಿ ನಾನು ಮಟನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಅಂಗಡಿಯ ಚಾಚಾ ನನ್ನನ್ನು ಬಹಳ ವರ್ಷದಿಂದ ಬಲ್ಲವರು. ತೊಡೆ ಇಡಿಯಾಗಿ ಬೇಕು, ತುಂಡು ಮಾಡಬೇಡಿ, ಇದ್ದಬದ್ದ ಕೊಬ್ಬೆಲ್ಲ ತೆಗೆಯಿರಿ ಎಂದೆ. ಅವರು ಚೂರಿಯನ್ನು ಮರದ ದಿಮ್ಮಿಯ ಮೇಲೆ ಇಟ್ಟು ನನ್ನನ್ನೇ ನೋಡಿದರು.

“ಮೇಸ್ತ್ರಿ, ಮನ್ಯಾಗ ಎಲ್ಲಾ ಖೈರಿಯತ್ ಐತಿಲ್ಲ?”

“ಅಣ್ಣಗ ಪಥ್ಯ ಐತಿ ಚಾಚಾ.”

“ಪಥ್ಯ ಅಣ್ಣಗ ಐತಿ. ಬಕರಿ ಏನ ತಪ್ಪ ಮಾಡೇತಿ? ಚರಬಿ ತಗದ್ರ ಅದಕ್ಕ ಮಾನ ಎಲ್ಲಿ ಉಳೀತು?” ಎಂದು ಗೊಣಗುತ್ತಲೇ, ಮದುಮಗನ ಗಡ್ಡ ಹೆರೆಯುವಷ್ಟು ಜತನದಿಂದ ಕೊಬ್ಬು ಹೆರೆದು ಕೊಟ್ಟರು.

ಮನೆಗೆ ತಂದು ಓವನ್ನಿನ ಮುಂದೆ ಹಿಡಿದರೆ ತೊಡೆ ಒಳಗೆ ಹೋಗಲಿಲ್ಲ. ಆ ಓವನ್ ಒಂದು ಕೇಕಿಗೆ ಮಾಡಿದ್ದು. ಅದರ ಮುಂದೆ ಈ ತೊಡೆ ಆಟೋದಲ್ಲಿ ನಿಚ್ಚಣಿಕೆ ತುರುಕಿದಂತೆ ಕಾಣುತ್ತಿತ್ತು. ದೀಪಾವಳಿಯಲ್ಲಿ ನಾನ್‌ಖಟಾಯಿ ಮಾಡುವಾಗ ಓಣಿಯ ಹೆಂಗಸರು ಹಿಟ್ಟಿನ ತಾಟುಗಳನ್ನು ಬೇಕರಿಗೆ ಹೊತ್ತುಕೊಂಡು ಹೋಗಿ ಅಲ್ಲಿಯ ಭಟ್ಟಿಯಲ್ಲಿ ಸುಡಿಸಿಕೊಂಡು ಬರುತ್ತಾರೆ. ನಾನೂ ತೊಡೆಯ ಮೇಲೆ ಒಂದು ಪಂಜೆ ಮುಚ್ಚಿ ಬೇಕರಿಗೆ ಹೋದೆ. ಬೇಕರಿಯವನು ಪಂಜೆಯ ತುದಿ ಎತ್ತಿ ನೋಡಿ, ಮೆಲ್ಲಗೆ ಮತ್ತೆ ಮುಚ್ಚಿ, “ಕಾಕಾ, ನಮ್ಮಲ್ಲಿ ಎಗ್‌ಲೆಸ್ ಅಂತ ಬೋರ್ಡ್ ಐತಿ,” ಎಂದ. ಹಾಗೇ ಹೊತ್ತುಕೊಂಡು ಹಿಂದೆ ಬಂದೆ. ಎದುರು ಮನೆಯವರು, ಲಿಂಗ ಕಟ್ಟಿದವರು, ಗ್ಯಾಲರಿಯಲ್ಲಿ ನಿಂತು, “ಏನ್ರೀ ಮೇಸ್ತ್ರಿ, ಕೂಸು ಯಾರದ್ರಿ?” ಎಂದು ಪ್ರೀತಿಯಿಂದಲೇ ಕೇಳಿದರು. ನಾನು ನಕ್ಕು ಒಳಗೆ ಬಂದೆ. ಕೊನೆಗೆ ಕಬ್ಬಿಣ ಕೊಯ್ಯುವ ಗರಗಸಕ್ಕೆ ಹೊಸ ಬ್ಲೇಡು ಹಾಕಿ, ಕಾಲಿನ ಕಡೆಯ ಎಲುಬನ್ನು ಕೊಯ್ದು ತೆಗೆದೆ. ಸುನಂದಾ ಆ ತುಂಡನ್ನು ಫ್ರಿಜ್ಜಿನಲ್ಲಿ ಇಡುತ್ತ, “ಗ್ರೇವಿಗೆ ಏನರ ಹೆಚ್ಚಿಕೊಡ್ಲ್ಯಾ?” ಎಂದಳು.

“ನೀ ಭಕ್ರಿ ಅಷ್ಟ ಬಡಿ. ಉಳಿದದ್ದ ನಂದು. ಓವನ್ ಕಡೆ ಬರಬ್ಯಾಡ.”

“ಆತು,” ಎಂದಳು. ಅವಳ ‘ಆತು’ ಎನ್ನುವ ಮಾತನ್ನು ನಾನು ಇಷ್ಟು ವರ್ಷವಾದರೂ ಸರಿಯಾಗಿ ಕಲಿತಿಲ್ಲ.

ಮೊಸರು, ಶುಂಠಿ, ಬಳ್ಳೊಳ್ಳಿ, ಕರಿಮೆಣಸು, ಅರಿಶಿಣ ಹಚ್ಚಿ ಬೆಳಿಗ್ಗೆಯೇ ಇಟ್ಟೆ. ಟ್ರೇಯ ತಳಕ್ಕೆ ಉಳ್ಳಾಗಡ್ಡಿ, ಗಜ್ಜರಿ ಹೆಚ್ಚಿ ಹರಡಿ, ಒಂದು ವಾಟಿ ನೀರು ಹಾಕಿ, ಮೇಲೆ ತೊಡೆ ಕೂಡಿಸಿದೆ. ವಿಡಿಯೋದವನು ಹಾಗೆ ಮಾಡಿದ್ದ. ಯಾಕೆ ಮಾಡಿದ ಎಂದು ನಾನು ಕೇಳಿಕೊಳ್ಳಲಿಲ್ಲ. ಮಾಂಸ ತಳಕ್ಕೆ ಹತ್ತದಿರಲಿ ಎಂದು ಅಚ್ಚಿಗೆ ಕರಿಪುಡಿ ಬಳಿದಂತೆ ಇರಬೇಕು ಎಂದುಕೊಂಡೆ. ಓವನ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಮುಖಕ್ಕೆ ಅದೇ ಶೆಕೆ. ರವಿವಾರ ಮತ್ತು ಸೋಮವಾರದ ನಡುವೆ ವ್ಯತ್ಯಾಸವೆಂದರೆ ಇಲ್ಲಿ ಹಾಜರಿ ಹಚ್ಚುವುದಿಲ್ಲ, ಅಷ್ಟೇ.

ಅಣ್ಣ, ವೈನಿ ಖಾನಾಪುರದ ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ಬಂದರು. ಅಣ್ಣ ಬಾಗಿಲಲ್ಲಿ ನಿಂತಿದ್ದ. ಅಂಗಿ ಅವನದೇ, ಒಳಗೆ ಇದ್ದವನು ಮಾತ್ರ ಬೇರೆ ಯಾರದೋ ಅಳತೆಯವನು.

“ಬಾ ಅಣ್ಣ, ಕುಂದ್ರು.”

“ಕುಂದ್ರತೇನಿ. ನನಗೇನ ಕೆಲಸ ಐತಿ,” ಎಂದು ಹೊರಗಿನ ಖೋಲಿಯ ಕುರ್ಚಿಯಲ್ಲಿ ಕೂತ. ಅಡುಗೆಮನೆಯಿಂದ ವಾಸನೆ ಬರುತ್ತಿತ್ತು, ಖರೇ ಹೇಳುತ್ತೇನೆ, ಓಣಿಯೆಲ್ಲ ತಿರುಗಿ ನೋಡುವಂಥ ವಾಸನೆ. ಅಣ್ಣ ಮೂಗನ್ನೂ ಎತ್ತಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. ವೈನಿ ಚೀಲದಿಂದ ಒಂದು ಡಬ್ಬಿ ತೆಗೆದು ಸುನಂದಾಳ ಕೈಗೆ ಕೊಟ್ಟಳು. “ಸೋರಿಕಾಯಿ ಕುದಿಸಿ ತಂದೇನಿ. ಭಾವೋಜಿಯವರ್ದು ಆಗದಿದ್ರ ಇರಲಿ ಅಂತ.” ಆ ಡಬ್ಬಿ ನನ್ನ ಓವನ್ನಿನ ಪಕ್ಕದಲ್ಲೇ ಬಂದು ಕೂತಿತು. ಅದನ್ನು ನೋಡಿದಷ್ಟೂ ನನ್ನ ಹಟ ಹೆಚ್ಚಾಯಿತು. ಇವತ್ತು ಅಣ್ಣ ಇಲ್ಲಿ ಉಣ್ಣದಿದ್ದರೆ ಇನ್ನು ಎಲ್ಲಿಯೂ ಉಣ್ಣುವುದಿಲ್ಲ, ಆಮೇಲೆ ದವಾಖಾನೆಯ ಸಲೈನ್ ಬಾಟಲಿಯೇ ಗತಿ ಎಂದು ಮನಸ್ಸಿಗೆ ಹತ್ತಿಬಿಟ್ಟಿತ್ತು.

ಮಾಂಸ ಬೆಂದಿತು. ಬಾಗಿಲು ತೆರೆದೆ. ಹೊರಗಡೆ ಕೆಂಪು ಕಂದು ಬಣ್ಣ, ಚುಚ್ಚಿದರೆ ಮೆತ್ತಗೆ. ತೆಗೆದು ಒಂದು ದೊಡ್ಡ ತಾಟಿನಲ್ಲಿ ಇಟ್ಟು, ಮೇಲೆ ಇನ್ನೊಂದು ತಾಟು ಮುಚ್ಚಿದೆ. ಇನ್ನು ಮುಂದಿನದನ್ನು ಹೇಳುವ ಮೊದಲು ಫೌಂಡ್ರಿಯ ಒಂದು ಪದ್ಧತಿ ಹೇಳಬೇಕು. ಕರಗಿದ ಕಬ್ಬಿಣವನ್ನು ನಾವು ಲ್ಯಾಡಲ್ ಎಂಬ ದೊಡ್ಡ ಸೌಟಿನಂಥ ಪಾತ್ರೆಯಲ್ಲಿ ತಂದು ಅಚ್ಚಿಗೆ ಹೊಯ್ಯುತ್ತೇವೆ. ಹೊಯ್ದಾದ ಮೇಲೆ ತಳದಲ್ಲಿ, ಅಂಚಿನಲ್ಲಿ ಕಂದು ಬಣ್ಣದ ಕಿಟ್ಟ ಅಂಟಿರುತ್ತದೆ. ಅದನ್ನು ಬಿಸಿ ಇರುವಾಗಲೇ ಕೆರೆದು ಒಗೆಯಬೇಕು. ತಣ್ಣಗಾದರೆ ಕಲ್ಲಾಗುತ್ತದೆ, ಮುಂದಿನ ಸಲದ ಕಬ್ಬಿಣವೂ ಕೆಡುತ್ತದೆ. ಕಿಟ್ಟ ಬಿಟ್ಟವನನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಈಗ ನನ್ನ ಕೈಯಲ್ಲಿ ಟ್ರೇ ಇತ್ತು, ಬಿಸಿ ಇತ್ತು, ತಳದಲ್ಲಿ ಕಂದು ಬಣ್ಣದ್ದು ಅಂಟಿತ್ತು, ಅದರ ಮೇಲೆ ಇಷ್ಟು ಜಿಡ್ಡು ತೇಲುತ್ತಿತ್ತು. ಜಿಡ್ಡೇ ನಮ್ಮ ವೈರಿ. ಕೈ ತಲೆಯನ್ನು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಉಳ್ಳಾಗಡ್ಡಿ, ಗಜ್ಜರಿ, ನೀರು ಎಲ್ಲವನ್ನೂ ಬಚ್ಚಲಿಗೆ ಬಗ್ಗಿಸಿದೆ. ಭಕ್ರಿ ಮಗುಚುವ ಉಲತನಿಯಿಂದ ಕೆರೆದೆ, ತಂತಿಯ ಬ್ರಷ್ ಹಾಕಿ ತಿಕ್ಕಿದೆ, ಸೋಪು ಹಾಕಿ ತೊಳೆದೆ. ಮೂವತ್ತೈದು ವರ್ಷದ ಅಭ್ಯಾಸ, ನಡುವೆ ಒಂದು ಸಲವೂ ಕೈ ತಡೆಯಲಿಲ್ಲ. ಬಿಸಿಲಿಗೆ ಹಿಡಿದರೆ ಟ್ರೇಯಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖ ಸಂತೋಷವಾಗಿತ್ತು.

ಒಳಗೆ ಬಂದಾಗ ಸುನಂದಾ, ದೀಪಾ ಇಬ್ಬರೂ ಒಲೆಯ ಹತ್ತಿರ ನಿಂತಿದ್ದರು.

“ಟ್ರೇದಾಗ ಇದ್ದದ್ದ ಎಲ್ಲೇತ್ರಿ?” ಎಂದಳು ಸುನಂದಾ.

“ಕಿಟ್ಟಾ? ತಗದ ಒಗದೆ.”

ಸುನಂದಾ ಮಗಳ ಮುಖ ನೋಡಿದಳು. ಆಮೇಲೆ ದೀಪಾ ಬಹಳ ಮೆತ್ತಗೆ, ಪೇಶಂಟಿನ ಹತ್ತಿರ ಮಾತಾಡುವ ನರ್ಸಿನಂತೆ ಹೇಳಿದಳು: “ಅಪ್ಪಾ, ಅದ ಗ್ರೇವಿ. ಮ್ಯಾಲಿನ ಜಿಡ್ಡ ಅಷ್ಟ ತಗದು, ತಳದಾಗಿಂದ ಕೆರದು, ಅದರಿಂದನ ಗ್ರೇವಿ ಮಾಡ್ತಾರ.”

“ಗೊತ್ತೈತಿ,” ಎಂದೆ.

ರೂಢಿ. ನಾಲಿಗೆ ಅದನ್ನು ಬಿಟ್ಟು ಬೇರೆ ಕಲಿತಿಲ್ಲ. ಸುನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭಕ್ರಿಯ ಹಂಚಿನ ಕಡೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು. ನಾನು ಹೊಳೆಯುವ ಟ್ರೇಯನ್ನು ಎದೆಗೆ ಹಿಡಿದುಕೊಂಡು ನಿಂತೆ. ಸುಸ್ತು ಎಂಬುದು ಕಾಲಿನಿಂದ ಮೇಲೆ ಏರುವುದನ್ನು ಅವತ್ತು ನಾನು ಸ್ಪಷ್ಟವಾಗಿ ಅನುಭವಿಸಿದೆ. ಎಣ್ಣೆ ಇಲ್ಲ, ಕೊಬ್ರಿ ಇಲ್ಲ, ತರಿ ಇಲ್ಲ, ಈಗ ರಸಾ ಕೂಡ ಇಲ್ಲ. ಒಣ ಮಾಂಸ, ಒಣ ಭಕ್ರಿ, ಪಕ್ಕದಲ್ಲಿ ಸೋರೆಕಾಯಿಯ ಡಬ್ಬಿ. ಅಣ್ಣ ಎರಡು ತುತ್ತು ತಿಂದು ಛಲೋ ಆಗೇತಿ ಎನ್ನುತ್ತಾನೆ, ಎದ್ದು ಹೋಗುತ್ತಾನೆ.

“ಏನಾತು ಅಲ್ಲೆ?” ಹೊರಗಿನಿಂದ ಅಣ್ಣನ ಧ್ವನಿ.

“ಏನಿಲ್ಲಣ್ಣ.”

“ಏನಿಲ್ಲ ಅಂದ್ರ ಯಾಕ ಎಲ್ಲಾರೂ ಗಪ್ಪ ಆದ್ರಿ?” ಕುರ್ಚಿ ಸರಿದ ಸದ್ದಾಯಿತು. ಅಣ್ಣ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ. ನನ್ನನ್ನು ನೋಡಿದ, ಟ್ರೇ ನೋಡಿದ. ದೀಪಾ ವಿಷಯ ಹೇಳಿದಳು. ಅವನು ಟ್ರೇಯನ್ನು ಕೈಗೆ ತೆಗೆದುಕೊಂಡು ಆ ಕಡೆ ಈ ಕಡೆ ಹೊರಳಿಸಿದ, ಹೆಂಚು ಬಿರುಕು ಬಿಟ್ಟಿದೆಯೋ ಎಂದು ನೋಡುವಂತೆ.

“ಛಲೋ ತೊಳದೀಯಲೇ ಪರಶ್ಯಾ. ಹೊಸಾ ಭಾಂಡೆದ ಅಂಗಡ್ಯಾಗ ಸೈತ ಇಷ್ಟ ಹೊಳೆಯೋದ ನೋಡಿಲ್ಲ ನಾ. ಇದನ್ನ ಉಣ್ಣಾಕ ಹಾಕ್ತಿಯೇನ ನನಗ?”

ನಾನು ತಲೆ ತಗ್ಗಿಸಿದೆ. ಅವನು ಮುಚ್ಚಿದ ತಾಟನ್ನು ಎತ್ತಿದ, ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡ. ಹಿಂದಿನಿಂದ ವೈನಿ, “ಅಯ್ಯ, ಸಾವಕಾಶ್ರೀ,” ಎಂದಳು. ಅಣ್ಣ ಕಣ್ಣು ಮುಚ್ಚಿದ. ಎಷ್ಟೋ ತಿಂಗಳ ಮೇಲೆ ಆ ಮುಚ್ಚಿದ ಕಣ್ಣು ನೋಡಿದೆ.

“ಮಾಂಸ ಬೆಂದೈತಿ. ಮೆಣಸ ದಪ್ಪ ಕುಟ್ಟೀ, ಹಲ್ಲಿಗೆ ಹತ್ತತೈತಿ. ಒಣಾ ಐತಿ. ರಸಾ ಇಲ್ಲದ ಗಂಟಲದಾಗ ಹೆಂಗ ಇಳೀಬೇಕ ಇದು?”

ಮೂರು ತಪ್ಪು, ಒಂದೇ ಉಸಿರಿನಲ್ಲಿ. ನಾನು ಸುನಂದಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ವೈನಿ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು.

“ಕಾಲಿಂದು ಎಲುಬ ಎಲ್ಲೇತಿ? ಅದರ ಒಗದಿಲ್ಲ ಹೌದಿಲ್ಲ?” ಎಂದ ಅಣ್ಣ. ಫ್ರಿಜ್ಜಿನಿಂದ ಸುನಂದಾ ತೆಗೆದುಕೊಟ್ಟಳು. ಅವನು ಸ್ಟೂಲ್ ಎಳೆದುಕೊಂಡು ಒಲೆಯ ಮುಂದೆ, ನಾನು ಬೆಳಿಗ್ಗೆಯಿಂದ ಕೂತಿದ್ದ ಜಾಗದಲ್ಲಿ, ಕೂತ. ಆಮೇಲಿನ ಒಂದು ತಾಸು ಆ ಅಡುಗೆಮನೆಯಲ್ಲಿ ಅಪ್ಪಣೆಗಳು ಮಾತ್ರ ಇದ್ದವು. ಎಲುಬನ್ನು ಬರೀ ಹಂಚಿನ ಮೇಲೆ ಸುಡು ಎಂದ. ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಗ್ಯಾಸಿನ ಮೇಲೆ ಕರ್ರಗೆ ಮಾಡು ಎಂದ. ಎರಡನ್ನೂ ಕುಕ್ಕರಿಗೆ ಹಾಕಿಸಿ ಸೀಟಿ ಹೊಡೆಸಿದ. ಮಾಂಸ ಇಟ್ಟ ತಾಟಿನಲ್ಲಿ ಅಷ್ಟರಲ್ಲಿ ಒಂದಿಷ್ಟು ರಸ ಇಳಿದಿತ್ತು. “ಇದನ್ನೂ ತೊಳೀತಿದ್ದಿ ಏನಪಾ?” ಎಂದು ಕೇಳಿ, ಅದನ್ನು ತಾನೇ ಪಾತೇಲಿಗೆ ಬಗ್ಗಿಸಿಕೊಂಡ. ಜೋಳದ ಹಿಟ್ಟನ್ನು ಘಮ್ಮೆನ್ನುವವರೆಗೆ ಹುರಿಸಿ, ನೀರಿನಲ್ಲಿ ಕದಡಿಸಿ, ರಸಕ್ಕೆ ಮೆಲ್ಲಗೆ ಹಾಕಿಸಿದ. ಖಾನಾಪುರದ ಕಾಡಿನ ಕಡೆಯವರಾದ್ದರಿಂದ ಎರಡು ಆಮಸೂಲ ಕೂಡ ಬಿತ್ತು, ಹುಳಿಗೆ. ನನಗೆ ಕೊಟ್ಟ ಕೆಲಸ ಒಂದೇ: ಮೇಲೆ ತೇಲುವ ಜಿಡ್ಡನ್ನು ಸೌಟಿನಿಂದ ಎತ್ತುವುದು. ಅದರಲ್ಲಿ ಮಾತ್ರ ನನ್ನ ಕೈ ಪಳಗಿದೆ. ಕರಗಿದ ಕಬ್ಬಿಣದ ಮೇಲೂ ಕಿಟ್ಟ ತೇಲುತ್ತದೆ, ಕೆಳಗಿನದನ್ನು ಕಲಕದೆ ಮೇಲಿನದನ್ನು ಎತ್ತುವುದು ನನ್ನ ಅನ್ನದ ವಿದ್ಯೆ. ಒಂದೊಂದು ಹನಿಯೂ ಉಳಿಯದಂತೆ ಎತ್ತಿದೆ. ಅಣ್ಣ ನೋಡುತ್ತ ಕೂತು, “ಹಾಂ, ಮ್ಯಾಲಿಂದ ಅಷ್ಟ. ತಳಕ್ಕ ಕೈ ಹಚ್ಚಬ್ಯಾಡ. ನಿನ್ನ ಮ್ಯಾಲ ಭರೋಸಾ ಇಲ್ಲ,” ಎನ್ನುತ್ತಿದ್ದ.

ಉಪ್ಪಿನ ವಿಷಯಕ್ಕೆ ಗಂಡಹೆಂಡಿರ ನಡುವೆ ಜಗಳವೇ ಆಯಿತು.

“ಚಿಟಿಕಿ ಅಷ್ಟ. ಡಾಕ್ಟರ್ ಹೇಳ್ಯಾರ,” ಎಂದಳು ವೈನಿ.

“ಯಾರ ಚಿಟಿಕಿ? ನಿಂದೋ ನಂದೋ?”

“ನಂದು.”

“ನಿನ್ನ ಬೆರಳ ಇರಿವಿ ಕಾಲ ಇದ್ದಂಗ ಅದಾವ. ಪರಶ್ಯಾಂದ ತಗೋ. ಅಂವಂದ ಫೌಂಡ್ರಿ ಕೈ.”

ಕೊನೆಗೆ ದೀಪಾಳ ಚಿಟಿಕೆ ಎಂದು ರಾಜಿ ಆಯಿತು. ಈ ನಡುವೆ ಅಣ್ಣ ರುಚಿ ನೋಡುವ ನೆಪದಲ್ಲಿ ಚಮಚ ಅದ್ದುತ್ತಲೇ ಇದ್ದ. ಹುಳಿ ಸಾಲದು ಎಂದು ಒಂದು ಚಮಚ, ಈಗ ಹೆಚ್ಚಾಯಿತು ಎಂದು ಇನ್ನೊಂದು, ತೆಳುವಾಯಿತು ಎಂದು ಮತ್ತೊಂದು. ನೋಡನೋಡುತ್ತ ಒಂದು ವಾಟಿಯಷ್ಟು ರಸಾ ಅವನ ಹೊಟ್ಟೆಗೆ ಹೋಗಿತ್ತು. ಸುನಂದಾ ಬಿಸಿ ಭಕ್ರಿಯ ಒಂದು ಚೂರನ್ನು ಅವನ ಕೈಯ ಹತ್ತಿರ ಸರಿಸಿದಳು. ಅದನ್ನೂ ಅದ್ದಿ ನೋಡಿದ. ತಾಟು ಹಾಕುವ ಹೊತ್ತಿಗೆ ಅವನು ಅರ್ಧ ಊಟ ಮುಗಿಸಿದ್ದ, ಆದರೆ ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ತಾಟಿನ ಮುಂದೆ ಕೂತು ಮತ್ತೆ ಉಂಡ. ಮಾಂಸದ ಮೂರು ಹೋಳು, ಭಕ್ರಿ, ಮೇಲೆ ಕಂದು ಬಣ್ಣದ ರಸಾ, ತರಿ ಇಲ್ಲದ್ದು. “ಮಾಂಸ ಕೊಯ್ಯಾಕ ಬರಂಗಿಲ್ಲ ನಿನಗ, ಹಲಗಿ ಕೊಯ್ದಂಗ ಕೊಯ್ದೀ,” ಎಂದ. ವೈನಿ ಬಡಿಸಲು ಬಗ್ಗಿದವಳು ಒಂದು ಕ್ಷಣ ಹಾಗೇ ನಿಂತಳು, ಸೆರಗಿನಿಂದ ಕಣ್ಣೊರೆಸಿಕೊಂಡು, “ಹೊಗಿ ಭಾಳ ಆಗೇತಿ,” ಎಂದಳು. ಗ್ಯಾಸಿನ ಒಲೆ, ಹೊಗೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಸೋರೆಕಾಯಿಯ ಡಬ್ಬಿಯನ್ನು ನಾನೇ ಖಾಲಿ ಮಾಡಿದೆ. ಅದು ನನಗೆ ಬೇಕಾಗಿತ್ತು.

ಬಹಳ ದಿನ ನಾನು ಇದನ್ನು ತಲೆಯಲ್ಲಿ ಹೊರಳಾಡಿಸಿದೆ. ಆ ಟ್ರೇಯನ್ನು ತೊಳೆಯದೆ, ವಿಡಿಯೋ ಪೂರ್ತಿ ನೋಡಿ, ಆ ಗಡ್ಡದವನಂತೆ ತಪ್ಪಿಲ್ಲದ ಗ್ರೇವಿ ಮಾಡಿ ಮುಂದಿಟ್ಟಿದ್ದರೆ ಅಣ್ಣ ಎರಡು ತುತ್ತು ತಿಂದು ಎದ್ದು ಹೋಗುತ್ತಿದ್ದ ಎಂದೇ ನನಗೆ ಅನಿಸುತ್ತದೆ. ಆ ಮಳೆಗಾಲದಿಂದ ಎಲ್ಲರೂ ಅವನಿಗೆ ಬಡಿಸುತ್ತಿದ್ದೆವು, ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಪೇಶಂಟ್ ಎಂದರೆ ಹಾಗೆಯೇ, ಎದುರಿಗೆ ತಾಟು ಬರುತ್ತದೆ, ಅಷ್ಟೇ. ಈ ತಿಳಿವಳಿಕೆಯನ್ನು ಸುನಂದಾಳಿಗೆ ದೊಡ್ಡ ತತ್ವದಂತೆ ಹೇಳಿ, ಒಂದು ರೀತಿಯಲ್ಲಿ ನಾನು ಬೇಕೆಂದೇ ತೊಳೆದೆ ಎಂದೂ ಸೂಚಿಸಿದೆ. “ಆತು,” ಎಂದಳು.

ಅಣ್ಣ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲೇ ಕತೆ ಶುರುಮಾಡಿದನಂತೆ. ಹೆಂಚಿನ ಕಾರ್ಖಾನೆಯ ಹಳೆಯ ಗೆಳೆಯರಿಗೆ, ಚಹಾದಂಗಡಿಯವರಿಗೆ, ಔಷಧದ ಅಂಗಡಿಯವರಿಗೆ ಎಲ್ಲರಿಗೂ ಹೇಳಿದ. ಮುಂದೆ ಒಂದು ಸಲ ನಾನು ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಗುರುತೇ ಇಲ್ಲದ ಒಬ್ಬ ಮುದುಕರು ಹತ್ತಿರ ಬಂದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, “ರಸಾ ತೊಳದವ್ರು ನೀವ ಏನ್ರಿ?” ಎಂದು ಗೌರವದಿಂದ ಕೇಳಿದರು. ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಮೇಸ್ತ್ರಿ ಎಂಬ ಹೆಸರು ಬೆಳಗಾವಿಯ ರೈಲ್ವೆ ಗೇಟಿನ ಆಚೆ ನಡೆಯುವುದಿಲ್ಲ ಎಂದು ಅವತ್ತು ತಿಳಿಯಿತು. ಹೌದು ಎಂದೆ. ಇಲ್ಲ ಎನ್ನಲು ಸುಸ್ತಾಗಿತ್ತು.

ಈಗ ಹದಿನೈದು ದಿನಕ್ಕೊಮ್ಮೆ ಅಣ್ಣ ತಾನೇ ಫೋನ್ ಮಾಡುತ್ತಾನೆ. “ರವಿವಾರ ಬರಾಕತ್ತೇನಿ. ನೀ ಮಾಂಸ ಸುಡು, ರಸಾ ನಂದು. ನಾ ಬರೂತನಕ ಏನೂ ತೊಳೀಬ್ಯಾಡ,” ಎನ್ನುತ್ತಾನೆ. ಉಳಿದ ರವಿವಾರಗಳಲ್ಲಿ ನಾನು ಖಾನಾಪುರಕ್ಕೆ ಹೋಗಬೇಕು, ಏಕೆಂದರೆ ವೈನಿಯ ಪಲ್ಯವನ್ನು ಬೈಯಲು ಜೊತೆಗೆ ಒಬ್ಬ ಬೇಕಂತೆ. ಅವನ ಅಂಗಿಗಳು ಮೈಗೆ ಕೂಡುತ್ತಿವೆ. ವೈನಿ ಇತ್ತೀಚೆಗೆ ಫೋನಿನಲ್ಲಿ ಅವನ ಮೇಲೆ ದೂರು ಹೇಳತೊಡಗಿದ್ದಾಳೆ, ಬಹಳ ಸಂತೋಷದ ಧ್ವನಿಯಲ್ಲಿ. ನನ್ನ ಲೆಕ್ಕ ಕೇಳಿದರೆ, ಈಗ ನನ್ನ ಹತ್ತಿರ ಇರುವುದು ಇಷ್ಟು: ನೋಯುವ ಮೊಣಕಾಲು ಎರಡು, ‘ಆತು’ ಎನ್ನುವ ಹೆಂಡತಿ ಒಬ್ಬಳು, ಬೈಯುತ್ತ ಉಣ್ಣುವ ಅಣ್ಣ ಒಬ್ಬ. ಮಲಗಲು ಸಿಗುವ ರವಿವಾರ ಒಂದೂ ಇಲ್ಲ.